ಕನ್ನಡ ರಾಯ ತಂಗಿದ್ದ ಊರು

ವಿಶಾಖಪಟ್ಟಣದಲ್ಲಿ ಯಾರನ್ನಾದರೂ ನಿಲ್ಲಿಸಿ ಶ್ರೀಕಾಕುಳಂ ಎಲ್ಲಿ ಎಂದು ಕೇಳಿದರೆ ಉತ್ತರದ ಕಡೆ ಕೈ ತೋರಿಸುತ್ತಾರೆ. ಅದು ಸರಿಯೇ. ನೂರು ಕಿಲೋಮೀಟರಿನ ಆಸುಪಾಸಿನಲ್ಲಿ, ನಾಗಾವಳಿ ನದಿಯ ದಂಡೆಯ ಮೇಲೆ ಆ ಹೆಸರಿನ ಜಿಲ್ಲಾ ಕೇಂದ್ರವಿದೆ. 1950ರಲ್ಲಿ ವಿಶಾಖಪಟ್ಟಣ ಜಿಲ್ಲೆಯಿಂದ ಬೇರೆಯಾದ ಜಿಲ್ಲೆ ಅದು. ಆದರೆ ನಾನು ನೋಡಬೇಕೆಂದಿದ್ದ ಶ್ರೀಕಾಕುಳಂ ಇರುವುದು ದಕ್ಷಿಣಕ್ಕೆ. ರೈಲಿನಲ್ಲಿ 350 ಕಿ.ಮೀ. ಹೋಗಿ ವಿಜಯವಾಡದಲ್ಲಿ ಇಳಿದು, ಕೃಷ್ಣೆಯ ಎಡದಂಡೆ ಹಿಡಿದು ಸಮುದ್ರದ ಕಡೆ ಇನ್ನು ಸುಮಾರು 50 ಕಿ.ಮೀ. ಹೋದರೆ ಸಿಗುವ, ಘಂಟಸಾಲ ಮಂಡಲದ ಒಂದು ಹಳ್ಳಿ ಅದು. ರಜೆಯ ಅರ್ಜಿ ನೋಡಿದ ಸಹೋದ್ಯೋಗಿಯೊಬ್ಬರು, ‘ಆ ಊರಲ್ಲಿ ಏನಿದೆ ಸಾರ್?’ ಎಂದು ಕೇಳಿದರು. ‘ರಾಯಲವಾರಿಗೆ ಕನಸು ಬಿದ್ದದ್ದು ಅಲ್ಲೇ’ ಎಂದೆ. ಅವರಿಗೆ ತಕ್ಷಣ ಗೊತ್ತಾಯಿತು. ಆ ಕನಸಿನ ಪದ್ಯ ತೆಲುಗು ನಾಡಿನಲ್ಲಿ ಶಾಲೆಗೆ ಹೋದ ಎಲ್ಲರಿಗೂ ಬಾಯಿಪಾಠ. ಅದು ನಡೆದ ಊರು ಮಾತ್ರ ಯಾರಿಗೂ ನೆನಪಿಲ್ಲ.

ಕನಸಿನ ಕತೆಯನ್ನು ಹೇಳಿದ್ದು ಬೇರೆ ಯಾರೂ ಅಲ್ಲ, ಕೃಷ್ಣದೇವರಾಯನೇ. 1509ರಿಂದ 1529ರವರೆಗೆ ವಿಜಯನಗರವನ್ನು ಆಳಿದ ದೊರೆ ತನ್ನ ‘ಆಮುಕ್ತಮಾಲ್ಯದ’ ಕಾವ್ಯದ ಆರಂಭದಲ್ಲಿ ಇದನ್ನು ಪ್ರವಾಸದ ಟಿಪ್ಪಣಿಯ ಹಾಗೆ ಬರೆದಿಟ್ಟಿದ್ದಾನೆ. ಕಳಿಂಗದ ಮೇಲೆ ದಂಡೆತ್ತಿ ಹೊರಟವನು ವಿಜಯವಾಡದಲ್ಲಿ ಕೆಲವು ದಿನ ಇದ್ದ. ಅಲ್ಲಿಂದ ಶ್ರೀಕಾಕುಳದ ಆಂಧ್ರವಿಷ್ಣುವಿನ ಸೇವೆಗೆ ಬಂದ. ಏಕಾದಶಿಯ ಉಪವಾಸ ಮಾಡಿದ. ಆ ರಾತ್ರಿ ನಾಲ್ಕನೆಯ ಜಾವದಲ್ಲಿ ದೇವರು ಕನಸಿಗೆ ಬಂದು, ಸಂಸ್ಕೃತದಲ್ಲಿ ಅಷ್ಟೆಲ್ಲ ಬರೆದಿದ್ದೀಯಲ್ಲ, ತೆಲುಗಿನಲ್ಲಿ ಬರೆಯುವುದು ನಿನ್ನಿಂದ ಆಗದೇನು ಎಂದು ಕೇಳಿದ. ಗೋದೆಯ ಮದುವೆಯ ಕತೆ ಬರೆ ಎಂದ. ಬರೆದದ್ದನ್ನು ತಿರುಪತಿಯ ವೆಂಕಟೇಶನಿಗೆ ಅರ್ಪಿಸು ಎಂದೂ ಹೇಳಿದ. ದೊರೆ ಎದ್ದು ವಿದ್ವಾಂಸರನ್ನು ಕರೆಸಿ ಕನಸು ಹೇಳಿದ, ಅವರು ಶುಭ ಎಂದರು. ಇಷ್ಟು ಕತೆ.

ಕನ್ನಡಿಗನಾದ ನನ್ನ ಕಿವಿ ನಿಮಿರಿದ್ದು ಸಂಬೋಧನೆಯೊಂದರ ಹತ್ತಿರ. ಆ ಕನಸಿನಲ್ಲಿ ದೇವರು ತನ್ನನ್ನು ತೆಲುಗು ರಾಯ ಎಂದು ಕರೆದುಕೊಳ್ಳುತ್ತಾನೆ, ಎದುರಿಗಿದ್ದ ದೊರೆಯನ್ನು ಕನ್ನಡ ರಾಯ ಎಂದು ಕರೆಯುತ್ತಾನೆ. ಬರೆದವನು ದೊರೆಯೇ ಆದ್ದರಿಂದ, ತೆಲುಗು ಕಾವ್ಯದ ಬಾಗಿಲಲ್ಲೇ ತನ್ನನ್ನು ತಾನು ಕನ್ನಡ ರಾಯ ಎಂದು ಬರೆದುಕೊಂಡ ಹಾಗಾಯಿತು. ಹೊರನಾಡಿನಲ್ಲಿ ಇರುವ ನಮಗೆಲ್ಲ ಒಂದು ಜಗಳ ಪರಿಚಿತ. ನವೆಂಬರ್ ಬಂತೆಂದರೆ, ಇಲ್ಲವೇ ಆಫೀಸಿನ ಊಟದ ಮೇಜಿನಲ್ಲಿ ಮಾತು ತಿರುಗಿತೆಂದರೆ, ಕೃಷ್ಣದೇವರಾಯ ನಿಮ್ಮವನೋ ನಮ್ಮವನೋ ಎಂಬುದು ಶುರುವಾಗುತ್ತದೆ. ತುಳುವ ವಂಶದವನು, ಕನ್ನಡ ರಾಯನೆಂದು ಕರೆಸಿಕೊಂಡವನು, ಸಂಸ್ಕೃತದಲ್ಲಿ ಬರೆದು ಪಳಗಿದವನು, ತಮಿಳು ನಾಡಿನ ವಿಲ್ಲಿಪುತ್ತೂರಿನ ಆಂಡಾಳಳ ಕತೆಯನ್ನು ತೆಲುಗಿನಲ್ಲಿ ಬರೆದ. ಅವನಿಗೆ ಈ ಲೆಕ್ಕದಲ್ಲಿ ಯಾವ ತೊಡಕೂ ಕಂಡ ಹಾಗಿಲ್ಲ. ತೊಡಕು ನಮ್ಮದು. ನನಗೆ ಕುತೂಹಲವಿದ್ದದ್ದು ಬೇರೆ ಕಡೆ. ದೊರೆ ಒಂದು ರಾತ್ರಿ ಉಪವಾಸ ಮಲಗಿದ್ದು ಹೋದ ಊರು ಐನೂರು ವರ್ಷ ಆ ರಾತ್ರಿಯನ್ನು ಏನು ಮಾಡಿಕೊಂಡಿತು ಎಂದು ತಿಳಿಯಬೇಕಿತ್ತು. ಅದಕ್ಕೆ ನನ್ನದೇ ಒಂದು ಕಾರಣವಿತ್ತು, ಮುಂದೆ ಹೇಳುತ್ತೇನೆ.

ವಿಜಯವಾಡದಿಂದ ಅವನಿಗಡ್ಡದ ಕಡೆಗೆ ಎರಡು ದಾರಿ. ಒಂದು ಉಯ್ಯೂರು, ಪಾಮರ್ರು, ಕೂಚಿಪೂಡಿ, ಮೊವ್ವ, ಚಲ್ಲಪಲ್ಲಿಯ ಮೇಲೆ ಹೋಗುವ ದೊಡ್ಡ ರಸ್ತೆ. ಇನ್ನೊಂದು ನದಿಯ ಏರಿಯ ಮೇಲಿನದು. ಅದನ್ನು ಇಲ್ಲಿ ಕರಕಟ್ಟ ಎನ್ನುತ್ತಾರೆ. ಪ್ರವಾಹ ಊರಿಗೆ ನುಗ್ಗದಂತೆ ನದಿಗುಂಟ ಹಾಕಿದ ಮಣ್ಣಿನ ಒಡ್ಡು, ಅದರ ಬೆನ್ನ ಮೇಲೆಯೇ ರಸ್ತೆ. ಬಲಕ್ಕೆ ನದಿ, ಮರಳು, ಬಾಳೆ ತೋಟ. ಎಡಕ್ಕೆ ಒಡ್ಡಿಗಿಂತ ಕೆಳಗೆ ಊರುಗಳು, ಭತ್ತದ ಗದ್ದೆ, ಕಬ್ಬು, ಅರಿಸಿನ. ಹೋಗುವಾಗ ಏರಿಯ ದಾರಿ ಹಿಡಿದೆ, ಬರುವಾಗ ದೊಡ್ಡ ರಸ್ತೆ.

ಈ ಹಸಿರಿಗೆ ವಯಸ್ಸು ಬಹಳವಿಲ್ಲ. ವಿಜಯವಾಡದಲ್ಲಿ ಕೃಷ್ಣೆಗೆ ಮೊದಲ ಆಣೆಕಟ್ಟು ಕಟ್ಟಿದ್ದು 1852ರಿಂದ 1855ರ ನಡುವೆ. ಅದು 1952ರಲ್ಲಿ ಒಡೆಯಿತು, 1957ರ ಹೊತ್ತಿಗೆ ಈಗಿನ ಪ್ರಕಾಶಂ ಬ್ಯಾರೇಜು ಸಿದ್ಧವಾಯಿತು. ಅಲ್ಲಿಂದ ಹೊರಟ ಕಾಲುವೆಗಳು ಎಡಬಲದ ನಾಡನ್ನು ಎರಡು ಬೆಳೆಯ ನಾಡು ಮಾಡಿದವು. ಭತ್ತ ಕೊಯ್ದ ಗದ್ದೆಯಲ್ಲಿ ಆರದ ತೇವಕ್ಕೇ ಉದ್ದು ಚೆಲ್ಲಿ ಬೆಳೆಯುವುದನ್ನು ನಾನು ನೋಡಿದ್ದು ಇಲ್ಲೇ ಮೊದಲು. ಬಾಗಲಕೋಟೆ ಜಿಲ್ಲೆಯ ಬಿಳಿಜೋಳದ ನಾಡಿನಿಂದ ಬಂದವನಿಗೆ ಇದೇ ನದಿ ಇಲ್ಲಿ ಬೇರೆ ನದಿಯ ಹಾಗೆ ಕಾಣುತ್ತದೆ.

ಶ್ರೀಕಾಕುಳಂ ಒಂದು ಸಾಧಾರಣ ಡೆಲ್ಟಾ ಹಳ್ಳಿ. ಹೆಂಚಿನ ಮನೆ, ಆರ್‌ಸಿಸಿ ಮನೆ, ಹುಲ್ಲಿನ ಬಣವೆ, ಎಮ್ಮೆ. ನಡುವೆ ಆಂಧ್ರ ಮಹಾವಿಷ್ಣುವಿನ ಗುಡಿ. ತೆಲುಗರ ಪುರಾಣದ ಪ್ರಕಾರ ಸುಚಂದ್ರನ ಮಗ ಆಂಧ್ರವಿಷ್ಣು ಎಂಬ ದೊರೆ ಇಲ್ಲಿಂದ ಇಡೀ ಆಂಧ್ರವನ್ನು ಆಳಿದ, ಆಮೇಲೆ ಜನ ಅವನನ್ನೇ ದೇವರು ಮಾಡಿ ಪೂಜಿಸಿದರು. ಶಾತವಾಹನರ ಮೊದಲ ರಾಜಧಾನಿ ಇದೇ ಎಂದು ವಾದಿಸಿದ ಇತಿಹಾಸಕಾರರೂ ಇದ್ದಾರೆ. ಪಕ್ಕದ ಘಂಟಸಾಲದಲ್ಲಿ ಬೌದ್ಧ ಸ್ತೂಪದ ಅವಶೇಷವಿದೆ. ಗ್ರೀಕ್ ಭೂಗೋಳಕಾರ ಟಾಲೆಮಿ ಹೆಸರಿಸಿದ ವ್ಯಾಪಾರದ ಊರುಗಳಲ್ಲಿ ಒಂದು ಅದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಮೊವ್ವ ಪದಕಾರ ಕ್ಷೇತ್ರಯ್ಯನ ಊರು. ಕೂಚಿಪೂಡಿಯ ಹೆಸರು ನೃತ್ಯಕ್ಕೇ ಅಂಟಿಕೊಂಡಿದೆ. ಬೈಕಿನಲ್ಲಿ ಅರ್ಧ ದಿನ ಸುತ್ತಿದರೆ ಮುಗಿಯುವ ಜಾಗದಲ್ಲಿ ಇಷ್ಟು ಚರಿತ್ರೆ ತುಂಬಿದೆ.

ಗುಡಿಯ ಆವರಣದಲ್ಲಿ ಕಲ್ಲುಕಂಬಗಳ ಮಂಟಪವೊಂದಿದೆ. ಆಮುಕ್ತಮಾಲ್ಯದ ಮಂಟಪ ಎಂದು ಅದರ ಹೆಸರು. ದೊರೆ ಇಲ್ಲೇ ಕುಳಿತು ಕಾವ್ಯ ಬರೆದ ಎಂದು ಊರವರು ಹೇಳುತ್ತಾರೆ. ಕಾವ್ಯದಲ್ಲಿ ಮಂಟಪದ ಮಾತಿಲ್ಲ. ಬಂದದ್ದು, ಉಪವಾಸ, ಕನಸು ಇಷ್ಟೇ ಇದೆ. ಮಂಟಪ ಊರಿನವರ ಕೊಡುಗೆ. ಅಲ್ಲಿ ನೆರಳಿಗೆ ಕುಳಿತಿದ್ದ ಹಿರಿಯರೊಬ್ಬರು ಯಾವ ಕಂಬಕ್ಕೆ ಒರಗಿ ಬರೆದ ಎಂದು ಕೂಡ ತೋರಿಸಿದರು. ಆ ಕಂಬವೇ ಎಂದು ಹೇಗೆ ಗೊತ್ತು ಎಂದು ಕೇಳಿದೆ. ‘ನಮ್ಮ ತಾತ ತೋರಿಸಿದ್ದು ಇದನ್ನೇ ಬಾಬೂ’ ಎಂದರು. ಅದಕ್ಕಿಂತ ಹೆಚ್ಚಿನ ಪುರಾವೆ ಅವರಿಗೆ ಬೇಕಾಗಿರಲಿಲ್ಲ.

ಆದರೆ ಅವರು ಹೆಚ್ಚು ಹುರುಪಿನಿಂದ ಹೇಳಿದ್ದು ದೊರೆಯ ಕತೆಯನ್ನಲ್ಲ. ಸುಮಾರು ಇನ್ನೂರು ವರ್ಷದ ಹಿಂದೆ, ಹತ್ತಿರದ ಪೆದಪ್ರೋಲು ಎಂಬ ಊರಿನ ಕಾಸುಲ ಪುರುಷೋತ್ತಮ ಕವಿ ಎಂಬವರು ಇದೇ ದೇವರ ಮೇಲೆ ‘ಆಂಧ್ರನಾಯಕ ಶತಕ’ ಬರೆದರು. ಅದು ನಿಂದಾಸ್ತುತಿ. ಆಗ ಗುಡಿ ಹಾಳುಬಿದ್ದಿತ್ತಂತೆ. ದೀಪವಿಲ್ಲ, ನೈವೇದ್ಯವಿಲ್ಲ, ಪ್ರಾಕಾರ ಕುಸಿದಿತ್ತು. ಕವಿ ಬಂದು ದೇವರ ಎದುರು ನಿಂತು, ನಿನಗೇ ಗತಿಯಿಲ್ಲ, ನನಗೇನು ಕೊಡುತ್ತೀಯ ಎಂಬ ಧಾಟಿಯಲ್ಲಿ ಒಂದಾದ ಮೇಲೊಂದು ಪದ್ಯ ಹೇಳಿದರಂತೆ. ಆ ಪದ್ಯಗಳು ಚಲ್ಲಪಲ್ಲಿಯ ಜಮೀನುದಾರರ ಕಿವಿಗೆ ಬಿದ್ದು, ಅವರು ಬಂದು ಗುಡಿ ಸರಿಮಾಡಿಸಿ ಪೂಜೆಗೆ ಏರ್ಪಾಡು ಮಾಡಿದರು ಎಂಬುದು ಊರಿನ ಹೇಳಿಕೆ. ಹೇಳುತ್ತ ಹೇಳುತ್ತ ಆ ಹಿರಿಯರು ಎರಡು ಪದ್ಯ ಹಾಡಿಯೇ ಬಿಟ್ಟರು. ಸೀಸ ಪದ್ಯದ ಉದ್ದನೆಯ ಎಳೆತ, ಕೊನೆಗೆ ಎತ್ತುಗೀತಿಯಲ್ಲಿ ದೇವರ ಹೆಸರು. ಗುಡಿಯ ಒಳಗಿದ್ದ ಅರ್ಚಕರೂ ಅಲ್ಲಿಂದಲೇ ದನಿಗೂಡಿಸಿದರು.

ಚಕ್ರವರ್ತಿ ಉಪವಾಸ ಮಾಡಿದ ಗುಡಿಯೂ ಮೂರು ಶತಮಾನದಲ್ಲಿ ದೀಪವಿಲ್ಲದ ಸ್ಥಿತಿಗೆ ಬಂದಿತ್ತು. ಪಕ್ಕದ ಊರಿನ ಕವಿಯೊಬ್ಬ ಅದನ್ನು ನೋಡಿ ಸಿಟ್ಟಿಗೆದ್ದ. ಆ ಸಿಟ್ಟನ್ನು ಬಾಯಿಪಾಠ ಮಾಡುವ ಜನ ಅಲ್ಲೇ ಇದ್ದರು. ಊರವರ ಬಾಯಲ್ಲಿ ದೊರೆಗಿಂತ ಈ ಕವಿ ಹೆಚ್ಚು ಬದುಕಿರುವುದಕ್ಕೆ ಅದೇ ಕಾರಣವಿರಬೇಕು. ದೊರೆ ಬಂದು ಹೋದ, ಈತ ಇಲ್ಲಿಯವನು.

ಮಾತು ಮುಗಿಸಿ ಹಿರಿಯರು ನನ್ನ ಊರು ಕೇಳಿದರು. ‘ಮೀದಿ ಏ ಊರು ಬಾಬೂ?’ ಕರ್ನಾಟಕ ಎಂದೆ. ಕರ್ನಾಟಕದಲ್ಲಿ ಎಲ್ಲಿ ಎಂದರು. ಬಾಗಲಕೋಟೆ ಎಂದರೆ ತಿಳಿಯಲಿಲ್ಲ. ಆಲಮಟ್ಟಿಯ ಹತ್ತಿರ ಎಂದ ಕೂಡಲೇ ಅವರ ಮುಖದ ಚಹರೆ ಬದಲಾಯಿತು. ಡೆಲ್ಟಾದ ರೈತರಿಗೆ ಆಲಮಟ್ಟಿ ಬರೀ ಊರಿನ ಹೆಸರಲ್ಲ. ಕಾಲುವೆಗೆ ನೀರು ತಡವಾದ ವರ್ಷಗಳಲ್ಲೆಲ್ಲ ಇವರ ಬಾಯಲ್ಲಿ ಬರುವ ಹೆಸರು ಅದು. ಆಲಮಟ್ಟಿ, ನಾರಾಯಣಪುರ, ಜೂರಾಲ, ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ ಇಷ್ಟನ್ನೂ ದಾಟಿದ ನೀರು ಇವರ ಗದ್ದೆಗೆ. ಸಾಲಿನ ಕೊನೆಯಲ್ಲಿ ನಿಂತವರ ಆತಂಕ ಅದು. 2000ದಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿಯ ಎತ್ತರವನ್ನು ಸದ್ಯಕ್ಕೆ 519.6 ಮೀಟರಿಗೆ ನಿಲ್ಲಿಸಿತು. 2010ರಲ್ಲಿ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿನವರೆಗೆ ನೀರು ನಿಲ್ಲಿಸಬಹುದು ಎಂದಿತು. ಈ ಎರಡೂ ಅಂಕಿಗಳು ಅವರಿಗೆ ದಶಾಂಶದ ಸಮೇತ ಗೊತ್ತಿದ್ದವು. ‘ನಿಮ್ಮವರು ಇನ್ನೂ ಎತ್ತರಿಸುತ್ತಾರಂತೆ’ ಎಂದರು. ದನಿಯಲ್ಲಿ ಜಗಳವಿರಲಿಲ್ಲ, ಆದರೂ ಉತ್ತರ ಬೇಕಿತ್ತು.

ನಾನು ಹೇಳಿದೆ: ‘ಆ ನೀರಿನ ಕೆಳಗೆ ನಮ್ಮ ಊರಿದೆ ತಾತಗಾರು.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗುಡಿ ಇತ್ತೇ?’ ಎಂದು ಕೇಳಿದರು. ಇತ್ತು ಎಂದೆ. ‘ದೇವರನ್ನು ತೆಗೆದುಕೊಂಡು ಹೋದಿರಾ?’ ಎಂದರು. ಹೌದು ಎಂದೆ. ಅದಕ್ಕೆ ಸಮಾಧಾನದಿಂದ ತಲೆಯಾಡಿಸಿದರು. 2024ರ ಸೆಪ್ಟೆಂಬರಿನ ಮೊದಲ ವಾರ ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್ ದಾಟಿ ನೀರು ಹರಿದಾಗ ಏರಿಯ ಮೇಲೆ ರಾತ್ರಿಯೆಲ್ಲ ಕಾವಲು ಕುಳಿತದ್ದನ್ನು ಆಮೇಲೆ ಅವರು ಹೇಳಿದರು. ನೀರು ಕಡಿಮೆಯಾದರೂ ಭಯ, ಹೆಚ್ಚಾದರೂ ಭಯ. ನದಿಯ ಎರಡು ತುದಿಯ ನಾವಿಬ್ಬರೂ ಮಂಟಪದ ನೆರಳಿನಲ್ಲಿ ಕುಳಿತು ಒಂದೇ ನದಿಯ ಬಗ್ಗೆ ಮಾತಾಡಿದೆವು.

ನಮ್ಮದು ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿ. ಹಿನ್ನೀರು ಬಂದಾಗ ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ಊರು ಗುಡ್ಡದ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಹೋಯಿತು. ನಮ್ಮ ಕಡೆ ಅದನ್ನು ಆರ್‌ಸಿ ಎಂದು ಕರೆಯುತ್ತಾರೆ. ಯಾವ ಊರು ಎಂದು ಕೇಳಿದರೆ ಹಳೆಯ ಊರಿನ ಹೆಸರು ಹೇಳಿ, ಅದರ ಬಾಲಕ್ಕೆ ‘ಆರ್‌ಸಿ’ ಸೇರಿಸುವುದು ರೂಢಿ. ಅಲ್ಲಿ ಬೀದಿಗಳು ನೇರ, ಪ್ಲಾಟುಗಳಿಗೆ ನಂಬರು. ಮೊದಲು ಅಕ್ಕಪಕ್ಕ ಇದ್ದವರು ಈಗ ಮೂರು ಬೀದಿ ಆಚೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಗೋಡೆಗಳ ಬುಡ, ಗುಡಿಯ ಕಟ್ಟೆ ಕಾಣಿಸುತ್ತವೆ. ಹೋಗಿ ನೋಡಿ ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅಲ್ಲಿ ಹುಟ್ಟಿದವರ ಮಕ್ಕಳಿಗೆ ಅದು ಬರೀ ಕೆಸರು.

ಆ ಊರಿನ ಬಗ್ಗೆ ನನ್ನ ಹತ್ತಿರ ಇರುವ ಒಂದೇ ಬರಹ ಭೂಸ್ವಾಧೀನದ ಐತೀರ್ಪಿನ ನಕಲು. ಅಪ್ಪ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ಸರ್ವೆ ನಂಬರು, ಎಕರೆ, ಗುಂಟೆ. ಮಣ್ಣಿನ ಮಾಳಿಗೆ ಮನೆ ಒಂದು. ಕಲ್ಲು ಕಟ್ಟಿದ ಬಾವಿ ಒಂದು. ಬೇವಿನ ಮರ 3, ಹುಣಸೆ 2, ಬನ್ನಿ 1. ಒಂದೊಂದಕ್ಕೂ ಬೆಲೆ. ಬನ್ನಿ ಮರದ ಎದುರಿಗಿನ ಮೊತ್ತ ಓದಿದಾಗಲೆಲ್ಲ, ದಸರೆಯ ದಿನ ಊರೆಲ್ಲ ಆ ಮರದ ಸುತ್ತ ಸೇರುತ್ತಿದ್ದದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕಿತ್ತು ಎಂದು ಯೋಚಿಸುತ್ತೇನೆ. ಬರೆದ ಗುಮಾಸ್ತನ ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ.

ಇಂಥದೇ ಇನ್ನೊಂದು ಪಟ್ಟಿ ನಾನು ಈಗಿರುವ ವಿಶಾಖಪಟ್ಟಣದಲ್ಲೇ ಇದೆ. ಕನ್ನಡ ರಾಯ ಕಳಿಂಗದ ದಂಡಯಾತ್ರೆಯಲ್ಲಿ ಉತ್ತರಕ್ಕೆ ನಡೆದು ಸಿಂಹಾಚಲದ ಬೆಟ್ಟ ಹತ್ತಿದ. ಅಲ್ಲಿ ಅವನ ಶಾಸನವಿದೆ, ತಾರೀಖು 1516ರ ಮಾರ್ಚ್ 30ಕ್ಕೆ ಹೊಂದುತ್ತದೆ. ಗೆದ್ದ ಕೋಟೆಗಳ ಹೆಸರು, ಮುಂದೆ ಹೋಗಿ ಪೊಟ್ನೂರಿನಲ್ಲಿ ಜಯಸ್ತಂಭ ನೆಟ್ಟ ವಿಷಯ, ದೇವರಿಗೆ ಕೊಟ್ಟ ಒಡವೆಗಳ ವಿವರ. ಮುತ್ತಿನ ಹಾರಕ್ಕೆ ಮುತ್ತು ಎಷ್ಟು ಎಂದೂ ಎಣಿಸಿ ಕೆತ್ತಿದ್ದಾರೆ: 991. ಪೊಟ್ನೂರು ಇಂದು ಪದ್ಮನಾಭಂ ಮಂಡಲದ ಒಂದು ಹಳ್ಳಿ. ವಾರಾಂತ್ಯಕ್ಕೆ ಸಿಂಹಾಚಲಕ್ಕೆ ಹೋಗುವ ನಮ್ಮಂಥವರು ಆ ಕಲ್ಲಿನ ಪಕ್ಕದಲ್ಲೇ ಸರತಿಯಲ್ಲಿ ನಿಂತಿರುತ್ತೇವೆ. ಕಲ್ಲಿನ ಪಟ್ಟಿಗೂ ಕಾಗದದ ಪಟ್ಟಿಗೂ ಸ್ವಭಾವ ಒಂದೇ. ಎಣಿಸಲು ಬರುವುದನ್ನು ಎಣಿಸಿ ಇಡುತ್ತವೆ, ಸುಳ್ಳು ಹೇಳುವುದಿಲ್ಲ.

ಅದೇ ದೊರೆ ಕಾವ್ಯಕ್ಕೆ ಕುಳಿತಾಗ ಎಣಿಸಿದ್ದು ಬೇರೆ. ಆಮುಕ್ತಮಾಲ್ಯದ ಓದಲು ಕಷ್ಟದ ಕಾವ್ಯ. ನಾನು ಓದಿದ್ದು ಅರ್ಥಸಹಿತವಾಗಿ, ನಿಧಾನಕ್ಕೆ, ಬೇಕಾದಲ್ಲಿ ತೆಲುಗು ಗೆಳೆಯರನ್ನು ಕಾಡಿ. ಸಾಮ್ರಾಜ್ಯದ ದೊರೆ ಇಷ್ಟು ಹಳ್ಳಿ ನೋಡಿದ್ದು ಯಾವಾಗ ಎಂದು ಅನ್ನಿಸುವಂಥ ಪದ್ಯಗಳು ಅಲ್ಲಿವೆ. ಕಾಲುವೆಯಲ್ಲಿ ತಲೆ ಹುದುಗಿಸಿ ಮಲಗಿದ ಬಾತುಗಳನ್ನು, ಸ್ನಾನಕ್ಕೆ ಬಂದವರು ಹಿಂಡಿಟ್ಟು ಮರೆತ ಪಂಚೆಗಳೆಂದು ತಿಳಿದು ಕಾವಲಿನವರು ನೀರಿಗೆ ಇಳಿಯುತ್ತಾರೆ. ಹಕ್ಕಿಗಳು ಹಾರಿಹೋಗುತ್ತವೆ, ಭತ್ತದ ಗದ್ದೆ ಕಾಯುವ ಹುಡುಗಿಯರು ನಗುತ್ತಾರೆ. ಮಳೆಗಾಲದ ವರ್ಣನೆಯಲ್ಲಿ ಸೌದೆ ನೆನೆದು ಒಲೆ ಹತ್ತುವುದಿಲ್ಲ. ಒಂದಿಷ್ಟು ಕಿಚ್ಚಿಗಾಗಿ ಮನೆಯಿಂದ ಮನೆಗೆ ಅಲೆಯಬೇಕು, ಹತ್ತಿದರೂ ಮನೆಯೆಲ್ಲ ಹೊಗೆ.

ಆ ಪದ್ಯದ ಅರ್ಥ ತಿಳಿದಾಗ ನನಗೆ ನನ್ನ ಅಜ್ಜಿ ನೆನಪಾದಳು. ನಾವು ಆಯಿ ಎನ್ನುತ್ತಿದ್ದೆವು. ಅವಳು ಹೇಳುತ್ತಿದ್ದದ್ದು ಇದೇ. ‘ಮಳಿಗಾಲದಾಗ ಕಟಗಿ ತೊಯ್ದು ಒಲಿ ಹತ್ತತಿರಲಿಲ್ಲೋ ತಮ್ಮಾ. ಯಾರ ಮನಿ ಮಾಳಿಗಿ ಬೆಳಕಿಂಡ್ಯಾಗ ಹೊಗಿ ಕಾಣತದೋ ನೋಡೋದು, ಒಂದು ಕುಳ್ಳು ಹಿಡಕೊಂಡು ಅಲ್ಲಿಗೆ ಹೋಗೋದು, ಕೆಂಡ ಇಸಗೊಂಡು ಬರೋದು.’ ಯಾರ ಮನೆಯಲ್ಲಿ ಮೊದಲು ಒಲೆ ಹತ್ತುತ್ತಿತ್ತು, ಯಾರು ಕೆಂಡ ಕೊಡಲು ಗೊಣಗುತ್ತಿದ್ದರು, ಯಾರ ಜೊತೆ ಮಾತು ಬಿಟ್ಟಿದ್ದರೂ ಕೆಂಡದ ಲೇವಾದೇವಿ ನಿಂತಿರಲಿಲ್ಲ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಊರಿನ ಯಾವ ಮನೆಗೂ ಯಾವ ಮನೆಗೂ ಏನು ಸಂಬಂಧ ಎಂಬುದರ ಪೂರ್ತಿ ನಕಾಶೆ ಆ ಕೆಂಡದ ದಾರಿಯಲ್ಲಿತ್ತು. ಐತೀರ್ಪಿನಲ್ಲಿ ಆಯಿಯ ಮನೆ ಒಂದು ನಂಬರು. ಕೆಂಡ ಬಂದ ದಾರಿ ಆಯಿಯ ಜೊತೆಗೇ ಹೋಯಿತು.

ಇಂಥ ಮಾತನ್ನು ಬರೆಸಿಡುವ ಕೆಲಸವನ್ನು ಒಮ್ಮೆ ಒಬ್ಬರು ಮಾಡಿಸಿದ್ದರು. ಕಾಲಿನ್ ಮೆಕೆಂಜಿ, ಸ್ಕಾಟ್ಲೆಂಡಿನಿಂದ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಬಂದ ಸರ್ವೆ ಅಧಿಕಾರಿ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಅಳತೆ ಮಾಡಿದ್ದೂ ಅವನೇ. ನೆಲ ಅಳೆಯುತ್ತ ಹೋದ ಊರುಗಳಲ್ಲಿ ಚರಿತ್ರೆಯನ್ನೂ ಕೇಳಿಸಿ ಬರೆಸಿದ. ಆ ಕೆಲಸ ನಿಜವಾಗಿ ಮಾಡಿದವರು ಕಾವಲಿ ವೆಂಕಟ ಬೊರ್ರಯ್ಯ, ಬೊರ್ರಯ್ಯ 1803ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಲಕ್ಷ್ಮಯ್ಯ, ಮತ್ತು ಊರೂರಿನ ಕರಣ, ಶಾನುಭೋಗರು. ಊರಿಗೆ ಆ ಹೆಸರು ಹೇಗೆ ಬಂತು, ಗುಡಿ ಯಾರು ಕಟ್ಟಿದರು, ಕೆರೆ ಯಾವಾಗ ಒಡೆಯಿತು, ಎಲ್ಲೆಕಟ್ಟು ಎಲ್ಲಿಂದ ಎಲ್ಲಿಗೆ ಎಂದು ಕೇಳಿ ಬರೆದ ಆ ಹೇಳಿಕೆಗಳಿಗೆ ಕೈಫಿಯತ್ತು ಎಂದು ಹೆಸರು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ದಂತಕತೆ, ಲೆಕ್ಕ, ಹೊಗಳಿಕೆ, ತಕರಾರು ಎಲ್ಲವೂ ಬೆರೆತ ಬರಹ ಅದು.

ಕೈಫಿಯತ್ತು ಏನು ಮಾಡಬಲ್ಲದು ಎಂಬುದಕ್ಕೆ ಈ ಸೀಮೆಯಲ್ಲೇ ಒಂದು ನಿದರ್ಶನವಿದೆ. ಕೂಚಿಪೂಡಿಯ ಆಟದವರ ಬಗ್ಗೆ ಹಳೆಯ ದಾಖಲೆ ಎಂದು ಎಲ್ಲರೂ ಎತ್ತಿ ಹೇಳುವುದು ಮಾಚುಪಲ್ಲಿ ಕೈಫಿಯತ್ತನ್ನು. ಮಾಚುಪಲ್ಲಿ ಇರುವುದು ದೂರದ ಕಡಪ ಸೀಮೆಯಲ್ಲಿ. ಅಲ್ಲಿ ಸಮ್ಮೆಟ ಗುರವರಾಜು ಎಂಬವನು ಕಂದಾಯಕ್ಕಾಗಿ ಜನರನ್ನು ಹಿಂಸಿಸುತ್ತಿದ್ದ. ಅದನ್ನು ಕಣ್ಣಾರೆ ಕಂಡ ಕೂಚಿಪೂಡಿಯ ತಂಡ ವಿಜಯನಗರಕ್ಕೆ ಹೋಗಿ, ಕೃಷ್ಣದೇವರಾಯನ ಅಣ್ಣ ವೀರನರಸಿಂಹರಾಯನ ಎದುರು ಅದನ್ನೇ ಆಟವಾಗಿ ಆಡಿ ತೋರಿಸಿತು. ದೊರೆಗೆ ವಿಷಯ ತಿಳಿದು ಗುರವರಾಜುವಿಗೆ ಶಿಕ್ಷೆಯಾಯಿತು. ಒಂದು ಊರಿನ ಸಂಕಟದ ಹೇಳಿಕೆಯಲ್ಲಿ ಇನ್ನೊಂದು ಊರಿನ ಕಲೆಯ ಸುಳಿವು ಉಳಿದುಕೊಂಡಿತು. ಬರೆಸಿದವನಿಗೂ ಬರೆದವನಿಗೂ ಮುಂದೆ ಇದರಿಂದ ಏನು ಪ್ರಯೋಜನ ಎಂದು ಗೊತ್ತಿದ್ದಿರಲಾರದು.

ನಮ್ಮ ಹಳ್ಳಿಗೆ ಅಂಥ ಕೈಫಿಯತ್ತು ಇಲ್ಲ. ದೊರೆಯ ದಂಡು ತಂಗಿದ ಊರಲ್ಲ, ಕವಿ ಹುಟ್ಟಿದ ಊರಲ್ಲ. ಶ್ರೀಕಾಕುಳಂ ತನ್ನ ಮಂಟಪವನ್ನು, ಒರಗಿದ ಕಂಬವನ್ನು, ಸಿಟ್ಟಿನ ಪದ್ಯಗಳನ್ನು ಉಳಿಸಿಕೊಂಡಿದ್ದಕ್ಕೆ ಅಲ್ಲಿ ತಾತ ಮೊಮ್ಮಗನಿಗೆ ತೋರಿಸುವಷ್ಟು ಹತ್ತಿರದಲ್ಲಿ ಕಂಬ ನಿಂತಿದೆ ಎಂಬುದು ಮುಖ್ಯ ಕಾರಣ. ತೋರಿಸಲು ಏನೂ ಇಲ್ಲದ ಊರು ಬಾಯಿಮಾತಿನಲ್ಲಿ ಎಷ್ಟು ತಲೆಮಾರು ಉಳಿದೀತು? ನನ್ನ ಲೆಕ್ಕದಲ್ಲಿ ಒಂದೂವರೆ. ಆಲಮಟ್ಟಿಯ ಮಟ್ಟ 524.256ಕ್ಕೆ ಏರಿದರೆ ಇನ್ನಷ್ಟು ಹಳ್ಳಿಗಳು ಈ ಲೆಕ್ಕಕ್ಕೆ ಸೇರುತ್ತವೆ. ಕೆಳಗಿನವರಿಗೆ ನೀರಿನ ಚಿಂತೆ, ಮೇಲಿನವರಿಗೆ ಪರಿಹಾರದ ಚಿಂತೆ, ಎರಡೂ ನ್ಯಾಯವಾದವೇ. ಊರಿನ ಎಲ್ಲೆಕಟ್ಟನ್ನು, ಹೊಲಗಳ ಹೆಸರನ್ನು, ಜಾತ್ರೆಯಲ್ಲಿ ತೇರು ನಿಲ್ಲುತ್ತಿದ್ದ ಜಾಗವನ್ನು ಕೇಳಿ ಬರೆದುಕೊಳ್ಳುವ ಕರಣ ಮಾತ್ರ ಈಗ ಯಾರೂ ಇಲ್ಲ. ಶಾನುಭೋಗಿಕೆ ಎಂದೋ ಹೋಯಿತು. ಇನ್ನು ಉಳಿದವರು ಊರು ಬಿಟ್ಟು ಬಂದು ದೂರದ ನಗರಗಳಲ್ಲಿ ಕುಳಿತ ನಾವೇ. ನಮ್ಮ ಕೈಯಲ್ಲಿ ಫೋನಿದೆ. ಅದರಲ್ಲಿ ಮಾತು ರೆಕಾರ್ಡು ಮಾಡಬಹುದು.

ಹೀಗಾಗಿ ಭಾನುವಾರ ಸಂಜೆ ಅವ್ವನಿಗೆ ಫೋನು ಮಾಡಿದಾಗ ಈಗ ಒಂದೊಂದು ಪ್ರಶ್ನೆ ಕೇಳುತ್ತೇನೆ. ಮೆಕೆಂಜಿಯ ಜನ ಕೇಳುತ್ತಿದ್ದ ಕ್ರಮದಲ್ಲೇ: ಎಲ್ಲೆ, ಗುಡಿ, ಬಾವಿ, ಹೊಲ. ಮೊದಮೊದಲು ಅವ್ವನಿಗೆ ಇದು ನಗೆಯಾಟ. ‘ನಿನಗ ಕೆಲಸಿಲ್ಲೇನು?’ ಎಂದಳು. ಆಮೇಲೆ ಹುರುಪು ಬಂತು. ಎರಿ ಹೊಲದ ಕಡೆಯ ಹಳ್ಳಕ್ಕೆ ಒಂದು ಹೆಸರು, ಅದು ತಿರುಗುವಲ್ಲಿ ಇನ್ನೊಂದು ಹೆಸರು ಇತ್ತೆಂದು ನನಗೆ ಈಗ ಗೊತ್ತಾಯಿತು. ಒಟ್ಟು 31 ಹೊಲಗಳ ಹೆಸರು ಬರೆದುಕೊಂಡಿದ್ದೇನೆ. ಸರ್ವೆ ನಂಬರುಗಳ ಪಕ್ಕದಲ್ಲಿ ಆ ಹೆಸರುಗಳನ್ನು ಹೊಂದಿಸುವ ಕೆಲಸ ಅರ್ಧ ಆಗಿದೆ.

ಕಳೆದ ವಾರ ಕೆಂಡದ ವಿಷಯ ಕೇಳಿದೆ. ನಮ್ಮ ಓಣಿಯಲ್ಲಿ ಯಾರ ಮನೆಯಿಂದ ಕೆಂಡ ಬರುತ್ತಿತ್ತು ಎಂದು. ಅವ್ವ ಅಗಸಿ ಬಾಗಿಲಿನಿಂದ ಶುರು ಮಾಡಿ ಬಲಗಡೆಯ ಮನೆಗಳನ್ನು ಒಂದೊಂದಾಗಿ ಹೇಳುತ್ತ ಬಂದಳು. ಐದನೆಯ ಮನೆಯ ಹತ್ತಿರ ನಿಂತಳು. ಅದು ಕಮ್ಮಾರರ ಮನೆಯೋ, ಅದಕ್ಕೂ ಮೊದಲಿನ ಗೋಡೆ ಬಿದ್ದ ಮನೆಯೋ ಎಂದು ಅನುಮಾನ ಬಂತು. ಕಮ್ಮಾರರ ಮನೆಯಾದರೆ ಕುಲುಮೆಯ ಕೆಂಡ ಎಂದೂ ಆರುತ್ತಿರಲಿಲ್ಲ, ಹಾಗಾದರೆ ಆಯಿ ಹೊಗೆ ನೋಡಿಕೊಂಡು ಅಲೆಯುವ ಪ್ರಸಂಗವೇ ಇಲ್ಲ ಎಂದು ತನಗೆ ತಾನೇ ವಾದ ಮಾಡಿದಳು. ‘ಇಲ್ಲೇ ಮೂರನೇ ಲೈನಿನ್ಯಾಗ ಅವರ ಹಿರೇ ಸೊಸಿ ಅದಾಳ, ಅಕಿಗೆ ಗೊತ್ತಿರತೈತಿ’ ಎಂದಳು. ಹೊರಗೆ ಕತ್ತಲಾಗಿದೆ, ಮೊಣಕಾಲು ನೋಯುತ್ತದೆ, ನಾಳೆ ಹೋಗು ಎಂದೆ. ಇಲ್ಲ, ಈಗಲೇ ಕೇಳಿ ಬರುತ್ತೇನೆ, ಫೋನು ಇಡಬೇಡ ಎಂದಳು. ಚಪ್ಪಲಿ ಹುಡುಕುವ ಸದ್ದು ಕೇಳಿಸಿತು.